ಹಗುರದ ಹಿಂದಿನ ಬೆಸುಗೆ

೨೦೦೮ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಗರದ ವೇದಿಕೆಯೊಂದರ ಮೇಲೆ ಸ್ಟೀವ್ ಜಾಬ್ಸ್ ಕಾಗದದ ಲಕೋಟೆಯೊಳಗಿನಿಂದ ಲ್ಯಾಪ್‌ಟಾಪೊಂದನ್ನು ಹೊರತೆಗೆದಾಗ ಸಭಿಕರು ಚಪ್ಪಾಳೆ ತಟ್ಟಿದರು. ಆ್ಯಪಲ್ ಸಂಸ್ಥೆಯ 'ಮ್ಯಾಕ್‌ಬುಕ್ ಏರ್' ಅದು, ತೂಕ ೧.೩೬ ಕಿಲೋಗ್ರಾಂ. ಲಕೋಟೆ ಜನರ ನೆನಪಿನಲ್ಲಿ ಉಳಿಯಿತು. ಆ ಯಂತ್ರದ ೨ ಗಿಗಾಬೈಟ್ ಸ್ಮೃತಿಯನ್ನು, ಅಂದರೆ ರ‍್ಯಾಮನ್ನು, ಮದರ್‌ಬೋರ್ಡಿಗೇ ಬೆಸೆದುಬಿಟ್ಟಿದ್ದರೆಂಬ ಸಂಗತಿ ಅಷ್ಟಾಗಿ ಉಳಿಯಲಿಲ್ಲ.

ಇಂದು ಅಂಗಡಿಗಳಲ್ಲಿರುವ ತೆಳು ಲ್ಯಾಪ್‌ಟಾಪುಗಳಲ್ಲಿ ಬಹುಪಾಲು ಹಿಡಿದಿರುವುದು ಇದೇ ದಾರಿಯನ್ನು. ಇದೆಲ್ಲವೂ ತಯಾರಕರ ಕುಟಿಲವೆನ್ನುವುದು ನ್ಯಾಯವಲ್ಲ. ಕಡಿಮೆ ವಿದ್ಯುತ್ತಿನಲ್ಲಿ ಅತಿವೇಗದಿಂದ ದುಡಿಯುವ ರ‍್ಯಾಮ್ ಪ್ರೊಸೆಸರಿನ ಮಗ್ಗುಲಲ್ಲಿಯೇ ಇರಬೇಕು. ನಡುವಣ ಹಾದಿ ಉದ್ದವಾದಷ್ಟೂ ಸಂಕೇತಗಳು ಕೆಡುತ್ತವೆ. ಆದರೆ ಕೊಂಡ ದಿನ ಇದ್ದಷ್ಟೇ ರ‍್ಯಾಮ್ ಆ ಯಂತ್ರದ ಆಯುಷ್ಯವಿಡೀ! ಮಗಳು ಇಂಜಿನಿಯರಿಂಗ್ ಸೇರಿದಳೆಂದು ಸಂತೋಷದಿಂದ ೮ ಗಿಗಾಬೈಟಿನದನ್ನು ಕೊಡಿಸಿದ ತಂದೆ, ಮೂರನೆಯ ವರ್ಷಕ್ಕೆ ಅದು ಸಾಲದಾದಾಗ, ಕೆಲವು ಸಾವಿರ ರೂಪಾಯಿಗಳಲ್ಲಿ ಮುಗಿಯಬಹುದಾಗಿದ್ದ ಕೆಲಸಕ್ಕೆ ಮತ್ತೊಂದು ಲ್ಯಾಪ್‌ಟಾಪಿನ ಬೆಲೆ ತೆರಬೇಕಾಗುತ್ತದೆ.

ಹಗುರವಾಗಬೇಕಾದರೆ ಬೆಸುಗೆ ಅನಿವಾರ್ಯವೇ? ಅಲ್ಲವೆಂಬುದಕ್ಕೆ ಅಮೆರಿಕದ ಫ್ರೇಮ್‌ವರ್ಕ್ ಸಂಸ್ಥೆ ೨೦೨೧ರಲ್ಲಿ ಹೊರತಂದ ಲ್ಯಾಪ್‌ಟಾಪೇ ಸಾಕ್ಷಿ. ತೂಕ ೧.೩ ಕಿಲೋಗ್ರಾಂ, ರ‍್ಯಾಮ್, ಎಸ್‌ಎಸ್‌ಡಿ, ಬ್ಯಾಟರಿ, ಕೊನೆಗೆ ಮದರ್‌ಬೋರ್ಡನ್ನು ಸಹ ತಿರುಪು ಬಿಚ್ಚಿ ಮನೆಯಲ್ಲಿಯೇ ಬದಲಾಯಿಸಬಹುದು. ಅದೇ ವರ್ಷದ ಜನವರಿಯಿಂದ ಫ್ರಾನ್ಸ್ ದೇಶ, ದುರಸ್ತಿ ಎಷ್ಟು ಸುಲಭವೆಂಬುದಕ್ಕೆ ಹತ್ತಕ್ಕೆ ಇಷ್ಟೆಂದು ಲ್ಯಾಪ್‌ಟಾಪುಗಳಿಗೆ ಅಂಕ ನಮೂದಿಸುವುದನ್ನು ಕಡ್ಡಾಯಗೊಳಿಸಿತು.

ಇನ್ನು ಗಟ್ಟಿತನದ ಮಾತು. 'ಸೇನಾ ದರ್ಜೆಯ ಭದ್ರತೆ' ಎಂದು ಜಾಹೀರಾತುಗಳು ಸಾರುತ್ತವೆ. ಅಮೆರಿಕದ ಆ 'ಮಿಲ್-ಎಸ್‌ಟಿಡಿ-೮೧೦' ಎಂಬುದು ಅನೇಕ ಪರೀಕ್ಷೆಗಳ ಒಂದು ಗೊಂಚಲು. ಅವುಗಳಲ್ಲಿ ಯಾವುದನ್ನು ನಡೆಸಬೇಕೆಂದು ತಯಾರಕರೇ ಆರಿಸಿಕೊಳ್ಳಬಹುದು. ಸೇನೆ ಅವರಿಗೆ ಪ್ರಮಾಣಪತ್ರವನ್ನೇನೂ ಕೊಡುವುದಿಲ್ಲ. ಅದಕ್ಕಿಂತ ಕೀಲುಗಳನ್ನು ನೋಡುವುದು ಲೇಸು. ಮುಚ್ಚಳದ ಒಂದು ಮೂಲೆಯನ್ನು ಹಿಡಿದು ನಿಧಾನವಾಗಿ ತೆರೆದಾಗ ಪರದೆ ತಿರುಚಿಕೊಳ್ಳುವುದೇ, ಕೀಲಿಮಣೆಯ ನಡುಭಾಗ ಬೆರಳಿನ ಒತ್ತಡಕ್ಕೆ ತಗ್ಗುವುದೇ ಎಂದು ಅಂಗಡಿಯಲ್ಲಿಯೇ ಪರೀಕ್ಷಿಸಬಹುದು. ಯಾವ ಅಂಗಡಿಯವನೂ ಇದಕ್ಕೆ ಮುನಿಯಲಾರ.

ರ‍್ಯಾಮಿನ ವಿಷಯ ಮಾತ್ರ ಕಣ್ಣಿಗೆ ಕಾಣುವಂಥದಲ್ಲ. ವಿವರಪಟ್ಟಿಯಲ್ಲಿ 'ಸ್ಲಾಟ್' ಎಂದಿದ್ದರೆ ಮುಂದೆ ಹೆಚ್ಚಿಸಿಕೊಳ್ಳುವ ಆಸೆಯುಂಟು. 'ಆನ್‌ಬೋರ್ಡ್' ಎಂದಷ್ಟೇ ಇದ್ದರೆ ಬೆಸುಗೆಯೆಂದೇ ತಿಳಿದು, ಬಣ್ಣ ಮೆರುಗುಗಳಿಗೆ ತೆರುವ ಹಣವನ್ನು ಉಳಿಸಿಯಾದರೂ ೧೬ ಗಿಗಾಬೈಟಿನದನ್ನೇ ಮೊದಲಿಗೆ ಕೊಳ್ಳಬೇಕು.