ಜಗುಲಿ ಮೇಲಿನ ಯೆಜ್ಡಿ, ಮತ್ತೆ ನನ್ನ ಬೆನ್ನು

ಬ್ಲಾಗಿಗೆ ಧೂಳು ಹಿಡಿದು ವರ್ಷದ ಮೇಲಾಯಿತು. ಎಲ್ಲಿ ಹೋಗಿದ್ದೆ ಅಂತ ಮೇಲ್ ಮಾಡಿ ಕೇಳಿದವರಿಗೆಲ್ಲ ಒಂದೇ ಉತ್ತರ ಕೊಟ್ಟಿದ್ದೆ, "ತ್ಯಾವಣಿಗೆಯಲ್ಲಿ ಕೂತು ಒಂದು ಬೈಕ್ ಕಟ್ತಾ ಇದೀನಿ" ಅಂತ. ಅದಕ್ಕೆ ಬರೋ ಪ್ರತಿಕ್ರಿಯೆ ಎರಡೇ ಥರ. ನನ್ನ ಕಾಯಿಲೆ ಗೊತ್ತಿಲ್ಲದವರು "ಓಹೋ, ಶೋಕಿ ಜೋರು!" ಅಂತಾರೆ. ಗೊತ್ತಿರೋರು "ಎಂಥಾ ವಿಲ್ ಪವರ್ ಮಾರಾಯಾ, ನಿನ್ನ ನೋಡಿ ಕಲೀಬೇಕು" ಅಂತಾರೆ. ಎರಡೂ ನನಗೆ ಕಿರಿಕಿರಿ. ಯಾಕೆ ಅಂತ ಹೇಳೋಕೇ ಈ ಪೋಸ್ಟು. ಸ್ವಲ್ಪ ಉದ್ದ ಆಗುತ್ತೆ, ಟೀ ಮಾಡ್ಕೊಂಡು ಬನ್ನಿ :)

ಬೈಕು ನಮ್ಮಜ್ಜನದು. ಒಂದು ವರ್ಷ ಬತ್ತಕ್ಕೆ ಒಳ್ಳೆ ರೇಟು ಸಿಕ್ಕಿದಾಗ ತಗೊಂಡಿದ್ದ 1984ರ ಯೆಜ್ಡಿ ರೋಡ್‌ಕಿಂಗ್. ಆಗ ನಮ್ಮ ಚನ್ನಗಿರಿ ತಾಲ್ಲೂಕು ಶಿವಮೊಗ್ಗ ಜಿಲ್ಲೆಗೆ ಸೇರಿತ್ತು (ದಾವಣಗೆರೆ ಜಿಲ್ಲೆ ಆಗಿದ್ದು 1997ರಲ್ಲಿ), ಹಾಗಾಗಿ ಆರ್‌ಸಿ ಪುಸ್ತಕದ ಮೇಲೆ ಶಿವಮೊಗ್ಗದ ಸೀಲಿದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಹುಟ್ಟಿದ್ದು. ಆ ಕಾರ್ಖಾನೆಗೆ 1996ರಲ್ಲಿ ಬೀಗ ಬಿತ್ತು, ಅಜ್ಜ ಅದಾದ ಹತ್ತು ವರ್ಷಕ್ಕೆ ಹೋದ, ಬೈಕು ಅಡಿಕೆ ಚೀಲಗಳ ಹಿಂದೆ ಕೋಳಿಗಳಿಗೆ ಮನೆಯಾಯ್ತು. ಯೆಜ್ಡಿ ಕಂಡಿಲ್ಲದವರಿಗೆ: 250 ಸಿಸಿ, ಟೂ ಸ್ಟ್ರೋಕ್, ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರು. ಗೇರ್ ಲಿವರನ್ನೇ ಒಳಗೆ ಒತ್ತಿ ಹಿಂದಕ್ಕೆ ತಿರುಗಿಸಿದರೆ ಅದೇ ಕಿಕ್ಕರು. ಈ ಕಿಕ್ಕರ್ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತೆ.

ಇನ್ನು ನನ್ನ ಬೆನ್ನು. 2017ರಲ್ಲಿ, ಇಂಜಿನಿಯರಿಂಗ್ ಓದುವಾಗಲೇ ಸೊಂಟ ನೋವು ಶುರುವಾಗಿತ್ತು. ನನಗಾಗ 20. ಹಾಸ್ಟೆಲ್ ಮಂಚ ಅಂದರು. ಬೆಂಗಳೂರಲ್ಲಿ ಕೆಲಸ ಸಿಕ್ಕಿದ ಮೇಲೆ ಆಫೀಸ್ ಕುರ್ಚಿ ಅಂದರು. ಒಬ್ಬ ಮೂಳೆ ಡಾಕ್ಟರು ಡಿಸ್ಕ್ ಅಂದರು, ಬೆಲ್ಟ್ ಕೊಟ್ಟರು, ಮೂರು ವಾರ ಬೆಡ್ ರೆಸ್ಟ್ ಅಂದರು. ಆ ಮೂರು ವಾರ ನಾನು ಮರದ ದಿಮ್ಮಿಯಾದೆ. ರಾತ್ರಿ ಮೂರಕ್ಕೆ ನೋವಿಗೆ ಎಚ್ಚರ, ಬೆಳಿಗ್ಗೆ ಚಪ್ಪಲಿ ಹಾಕ್ಕೊಳ್ಳೋಕೆ ಅವ್ವನ್ನ ಕರೀಬೇಕು. ವಿಚಿತ್ರ ಅಂದರೆ ಒಂದು ಗಂಟೆ ಓಡಾಡಿದರೆ ಸರಿಹೋಗೋದು. ಮಲಗಿದರೆ ಜಾಸ್ತಿ, ಎದ್ದು ತಿರುಗಿದರೆ ಕಮ್ಮಿ. ಇದು ನನ್ನ ಸೋಮಾರಿತನಕ್ಕೆ ದೇವರು ಕೊಟ್ಟ ಶಿಕ್ಷೆ ಅಂತ ಅಪ್ಪನ ಅಭಿಪ್ರಾಯ.

ಕಳೆದ ವರ್ಷ ಆಫೀಸಿನವರಿಗೆ ಹೇಳಿ ಮನೆಯಿಂದಲೇ ಕೆಲಸ ಅಂತ ಊರಿಗೆ ಬಂದೆ. ಕೂರೋಕೂ ಆಗದೆ ಮಲಗೋಕೂ ಆಗದೆ, ಸಂಜೆ ಹೊತ್ತು ಕೋಳಿ ಓಡಿಸಿ ಯೆಜ್ಡಿ ಬಿಚ್ಚೋಕೆ ಶುರು ಮಾಡಿದೆ. "ಡಾಕ್ಟ್ರು ರೆಸ್ಟ್ ತಗ ಅಂದಾರೆ, ನೀನು ನೋಡಿದ್ರೆ ಗುಜ್ರಿ ಇಟ್ಕಂಡು ಕುಂತೀಯಲ್ಲಲೇ" ಅಂತ ಅವ್ವ ದಿನಾ. ಒಂದು ಭಾನುವಾರ ಗ್ರೈಂಡರ್ ಹಿಡಿದು ಚಾಸಿಸ್ಸಿನ ತುಕ್ಕು ಉಜ್ಜಿದ್ದೆ. ಮರುದಿನ ಎಡಗಣ್ಣು ಕೆಂಡ. ಕಬ್ಬಿಣದ ಪುಡಿ ಬಿದ್ದಿದೆ ಅಂತಲೇ ಎಲ್ಲರ ತೀರ್ಮಾನ. ಪಕ್ಕದ ಮನೆ ಅಜ್ಜಿ ಹರಳೆಣ್ಣೆ ಬಿಡು ಅಂದಳು. ನಾನು ಬುದ್ಧಿವಂತ ಅಲ್ವಾ, ಮೆಡಿಕಲ್ ಶಾಪಿನಿಂದ ಯಾವುದೋ ಡ್ರಾಪ್ಸ್ ತಂದು ಬಿಟ್ಕೊಂಡೆ. ನಾಲ್ಕು ದಿನ ಹಾಳು. ಬೆಳಕು ನೋಡಿದರೆ ಕಣ್ಣೊಳಗೆ ಸೂಜಿ ಆಡಿಸಿದ ಹಾಗೆ.

ದಾವಣಗೆರೆಯಲ್ಲಿ ಕಣ್ಣಿನ ಡಾಕ್ಟರು ಮೆಷಿನ್ನಿನಲ್ಲಿ ನೋಡಿ, ಪುಡಿಗಿಡಿ ಏನೂ ಇಲ್ಲ ಅಂದರು. ಆಮೇಲೆ ಕಣ್ಣಿಗೆ ಸಂಬಂಧವೇ ಇಲ್ಲದ ಪ್ರಶ್ನೆ: "ಬೆಳಿಗ್ಗೆ ಎದ್ದಾಗ ಸೊಂಟ ಬಿಗಿ ಹಿಡಿಯುತ್ತಾ?" ಏಳು ವರ್ಷದಲ್ಲಿ ಸೊಂಟ ನೋಡಿದ ಯಾರೂ ಕೇಳದ ಪ್ರಶ್ನೆಯನ್ನ ಕಣ್ಣು ನೋಡಿದವರು ಕೇಳಿದರು! ಕಣ್ಣಿಗೆ ಬಂದಿದ್ದು ಯುವಿಯೈಟಿಸ್, ಅಂದರೆ ಕಣ್ಣೊಳಗಿನ ಪದರದ ಉರಿಯೂತ. ಅದರ ಬೇರು ಬೆನ್ನಲ್ಲಿತ್ತು. ರಕ್ತದಲ್ಲಿ ಎಚ್‌ಎಲ್‌ಎ ಬಿ27 ಪಾಸಿಟಿವ್, ಎಂಆರ್‌ಐ, ರುಮಟಾಲಜಿಸ್ಟ್... ಕೊನೆಗೆ ಹೆಸರು ಸಿಕ್ಕಿತು: ಆಂಕೈಲೋಸಿಂಗ್ ಸ್ಪಾಂಡಿಲೈಟಿಸ್. ಮೈಯನ್ನ ಕಾಯಬೇಕಾದ ವ್ಯವಸ್ಥೆಯೇ ಬೆನ್ನುಮೂಳೆ ಮತ್ತು ಸೊಂಟ ಸೇರುವ ಕೀಲುಗಳ ಮೇಲೆ ತಿರುಗಿ ಬೀಳುವ ಕಾಯಿಲೆ. ಉರಿಯೂತ ಆದ ಕಡೆ ಹೊಸ ಮೂಳೆ ಬೆಳೆದು ಕೀಲು ಬೆಸೆದುಕೊಳ್ಳುತ್ತೆ, ಒಳಗೊಬ್ಬ ವೆಲ್ಡರ್ ಕೂತ ಹಾಗೆ. ಹಾಗೇ ಬಿಟ್ಟರೆ ಕೆಲವರ ಬೆನ್ನು ಎಕ್ಸ್‌ರೇಯಲ್ಲಿ ಬಿದಿರಿನ ಗಳದಂತೆ ಕಾಣುತ್ತಂತೆ. ಸಾಮಾನ್ಯವಾಗಿ ಇಪ್ಪತ್ತು ಮೂವತ್ತರ ವಯಸ್ಸಿನಲ್ಲೇ ಶುರು. ಕಾಯಿಲೆ ಶುರುವಾಗಿ ಪತ್ತೆಯಾಗೋಕೆ ಸರಾಸರಿ ಆರೇಳು ವರ್ಷ ಬೇಕಾಗುತ್ತೆ. ಅಂದರೆ ನಾನು ಸರಾಸರಿ ಮನುಷ್ಯ!

ಮತ್ತೆ ಈ ಕಾಯಿಲೆಗೆ ರೆಸ್ಟ್ ಅನ್ನೋದೇ ವೈರಿ. ವ್ಯಾಯಾಮ, ಓಡಾಟ ಔಷಧಿಯ ಅರ್ಧ. ಇದು ಗೊತ್ತಾದ ದಿನ ಮನೆಗೆ ಬಂದು ಅವ್ವನ ಮುಂದೆ ಮೀಸೆ ತಿರುವಿದೆ.

ಈಗ ಶೋಕಿ ವಿಷಯಕ್ಕೆ ಬರ್ತೀನಿ. ಕಸ್ಟಮ್ ಬೈಕ್ ಅಂದ ಕೂಡಲೇ ನಮ್ಮ ತಲೆಗೆ ಬರೋದು ಕಿವಿ ಹರಿಯೋ ಸೈಲೆನ್ಸರು, ದಪ್ಪ ಟೈರು, ಇನ್‌ಸ್ಟಾಗ್ರಾಮ್ ವಿಡಿಯೋ. ಆದರೆ ಆ ಪದದ ಅರ್ಥ ಟೈಲರ್ ಅಂಗಡಿಯದು ಅಲ್ವಾ? ಅಳತೆ ತಗೊಂಡು ಹೊಲಿಯೋದು. ನಾನು ಮಾಡಿದ್ದು ಅಷ್ಟೇ. ನನ್ನ ಕುತ್ತಿಗೆ ಪೂರ್ತಿ ಹಿಂದಕ್ಕೆ ಬಾಗಲ್ಲ. ಕೆಫೆ ರೇಸರ್ ಥರ ಹ್ಯಾಂಡಲ್ ತಗ್ಗಿಸಿ ಮುಂದಕ್ಕೆ ಬಾಗಿ ಕೂತರೆ ತಲೆ ಎತ್ತಿ ರಸ್ತೆ ನೋಡೋಕೇ ಆಗಲ್ಲ. ಹಾಗಾಗಿ ಹ್ಯಾಂಡಲ್ಲನ್ನ ಮೂರು ಇಂಚು ಮೇಲೆ, ಎರಡು ಇಂಚು ಹಿಂದೆ ತಂದೆ. ನಮ್ಮೂರ ಲೇತ್ ಅಂಗಡಿಯ ಅಣ್ಣ ಅದರ ಕ್ಲಾಂಪು ಮಾಡಿಕೊಡುವಾಗ "ಎಮ್ಮೆ ಕೋಡು ಕಂಡಂಗೆ ಕಾಣ್ತತಲ್ಲಲೇ" ಅಂದ. ಕಾಣಲಿ ಬಿಡು ಅಣ್ಣ. ಕತ್ತು ಪಕ್ಕಕ್ಕೆ ತಿರುಗೋದೂ ಕಮ್ಮಿ, ಅದಕ್ಕೆ ಎರಡೂ ಕಡೆ ಉದ್ದ ಕಾಡಿನ ದೊಡ್ಡ ಕನ್ನಡಿ. ಸೀಟಿಗೆ ದಾವಣಗೆರೆಯ ಕುಷನ್ ಅಂಗಡಿಯಲ್ಲಿ ಮೂರು ಸಲ ಫೋಮ್ ಬದಲಿಸಿದೆ. ಮೆತ್ತಗಿದ್ದಷ್ಟೂ ಒಳ್ಳೇದು ಅಂದ್ಕೊಂಡಿದ್ದೆ. ಅಲ್ಲ, ಮೆತ್ತಗಾದರೆ ಸೊಂಟ ಒಳಗೆ ಕುಸಿಯುತ್ತೆ. ಕೆಳಗೆ ಗಟ್ಟಿ, ಮೇಲೆ ತೆಳ್ಳಗೆ ಮೃದು, ಇದು ಸರಿಹೋಯ್ತು. ಹಿಂದಿನ ಶಾಕ್ ಅಬ್ಸಾರ್ಬರ್ ಸ್ಪ್ರಿಂಗು ಸ್ವಲ್ಪ ಸಾಫ್ಟ್ ಮಾಡಿದೆ. ನಮ್ಮ ನಾಲೆ ಏರಿ ರಸ್ತೆ ನೋಡಿದವರಿಗೆ ಕಾರಣ ಹೇಳಬೇಕಾಗಿಲ್ಲ.

ಕೆಲಸ ಮಾಡೋ ಜಾಗವೂ ಅಳತೆಗೆ ಬರಬೇಕಿತ್ತು. ನೆಲದಲ್ಲಿ ಕುಕ್ಕರುಗಾಲಲ್ಲಿ ಕೂರೋಕೆ ಆಗಲ್ಲ. ಅದಕ್ಕೆ ಟ್ರೇಲರಿನ ಹಲಗೆ ಹಾಕಿ, ನಾಲ್ಕು ಜನ ನೂಕಿ, ಬೈಕನ್ನೇ ಜಗುಲಿ ಮೇಲೆ ಹತ್ತಿಸಿದೆವು. ನಾನು ಕೆಳಗೆ ಅಂಗಳದಲ್ಲಿ ನಿಂತು ಬೋಲ್ಟ್ ಬಿಚ್ಚೋದು. ಆರು ತಿಂಗಳು ಬಂದ ನೆಂಟರೆಲ್ಲ ಯೆಜ್ಡಿ ಪಕ್ಕ ಕೂತೇ ಕಾಫಿ ಕುಡಿದರು. ಅಪ್ಪನಿಗೆ ಅವಮಾನ, ಅಜ್ಜನ ವಾರಿಗೆಯವರಿಗೆ ಮಾತ್ರ ಭಾರೀ ಖುಷಿ. ಒಬ್ಬೊಬ್ಬರದೂ ಒಂದೊಂದು ಯೆಜ್ಡಿ ಕಥೆ.

ಈಗ ಕಾನೂನು. ಇಲ್ಲಿ ನನ್ನದೊಂದು ತಕರಾರಿದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ವಿವರ ಕಂಪನಿ ಕೊಟ್ಟಿದ್ದಕ್ಕಿಂತ ಬೇರೆಯಾಗೋ ಹಾಗೆ ಗಾಡಿಯನ್ನ ಬದಲಿಸೋ ಹಾಗಿಲ್ಲ. ಕೇರಳದ ಒಂದು ಕೇಸಿನಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಅಕ್ರಮ ಬದಲಾವಣೆ ಮಾಡಿದ ಮಾಲೀಕನಿಗೆ ಆರು ತಿಂಗಳವರೆಗೆ ಜೈಲು ಅಥವಾ ಒಂದೊಂದು ಬದಲಾವಣೆಗೆ 5000 ರೂಪಾಯಿ ದಂಡ, ಅಥವಾ ಎರಡೂ ಅಂತ ಬಂತು. ಸೈಲೆನ್ಸರ್ ಕಿತ್ತು ರಾತ್ರಿ ಹನ್ನೆರಡಕ್ಕೆ ಊರು ಎಬ್ಬಿಸೋರಿಗೆ ಇದು ಬೇಕೇ ಬೇಕು, ನನ್ನ ಎರಡು ಓಟು. ಚಾಸಿಸ್ ಕತ್ತರಿಸಿ ಸಿಕ್ಕಲ್ಲಿ ವೆಲ್ಡ್ ಮಾಡೋರಿಗೂ ಬೇಕು. ನಾನು ಚಾಸಿಸ್ಸಿಗೆ ಗರಗಸ ತಾಗಿಸಿಲ್ಲ, ಇಂಜಿನ್ ಅದೇ, ಬಣ್ಣವೂ ಆರ್‌ಸಿಯಲ್ಲಿರೋದೇ.

ಅದೇ ತಿದ್ದುಪಡಿಯಲ್ಲಿ ಇನ್ನೊಂದು ಒಳ್ಳೇ ವಿಷಯ ಇದೆ. ದೈಹಿಕ ನ್ಯೂನತೆ ಅಥವಾ ಅಂಗವೈಕಲ್ಯ ಇರೋರು ತಮ್ಮ ಗಾಡಿಯನ್ನ ಮೈಗೆ ತಕ್ಕ ಹಾಗೆ ಬದಲಿಸಿಕೊಂಡು ಆರ್‌ಟಿಓ ಒಪ್ಪಿಗೆ ಪಡೆಯಬಹುದು. ಆದರೆ ಆ ಮಾತು ಕೇಳಿದರೆ ಎಲ್ಲರ ಕಣ್ಮುಂದೆ ಬರೋದು ಹಿಂದೆ ಎರಡು ಚಕ್ರ ಹೆಚ್ಚಿಗೆ ಹಾಕಿದ ಸ್ಕೂಟರು ಒಂದೇ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ಬಗೆಯ ಪಟ್ಟಿಯಲ್ಲಿ ನನ್ನ ಕಾಯಿಲೆಗೆ ಪ್ರತ್ಯೇಕ ಹೆಸರಿಲ್ಲ, ಚಲನವಲನದ ತೊಂದರೆ ಅಂತ ಅಳೆಸಬೇಕು. ಹೆಚ್ಚಿನ ಸೌಲಭ್ಯಗಳಿಗೆ 40 ಪರ್ಸೆಂಟ್ ಬೇಕು. ಬೆಳಿಗ್ಗೆ ಆರಕ್ಕೆ ಅಳೆದರೆ ನಾನು ಒಬ್ಬ ಮನುಷ್ಯ, ಸಂಜೆ ಆರಕ್ಕೆ ಬೇರೆಯೇ ಮನುಷ್ಯ. ಯಾರನ್ನ ಅಳೀತಾರೆ? ಹ್ಯಾಂಡಲ್, ಸೀಟು, ಕನ್ನಡಿ, ಕಾಲಿಡೋ ಜಾಗ, ಇಷ್ಟಕ್ಕೆ ಡಾಕ್ಟರ ಒಂದು ಪತ್ರ, ಆರ್‌ಟಿಓದಲ್ಲಿ ಒಂದು ತಪಾಸಣೆ ಸಾಕು ಅನ್ನೋ ನಿಯಮ ಇದ್ದಿದ್ದರೆ ನನ್ನಂಥ ಎಷ್ಟೋ ಜನ, ಮಂಡಿ ಸವೆದ ನಮ್ಮಪ್ಪನಂಥವರೂ ಸೇರಿ, ಕಳ್ಳರ ಹಾಗೆ ಮಾಡದೆ ಕಾಗದದ ಮೇಲೇ ಮಾಡಿಸಿಕೊಳ್ತಿದ್ದೆವು.

ಇನ್ನು ಆ ವಿಲ್ ಪವರ್. ಸಿನಿಮಾ ನೋಡೋ ಗೆಳೆಯರು ಬರ್ಟ್ ಮನ್ರೋ ಉದಾಹರಣೆ ಕೊಡ್ತಾರೆ. ನ್ಯೂಜಿಲೆಂಡಿನ ಇನ್ವರ್ಕಾರ್ಗಿಲ್ ಅನ್ನೋ ಊರಿನ ಮುದುಕ. 1920ರ ಇಂಡಿಯನ್ ಸ್ಕೌಟ್ ಬೈಕನ್ನ ದಶಕಗಟ್ಟಲೆ ಮನೆಯ ಶೆಡ್ಡಿನಲ್ಲೇ ತಿದ್ದಿ, ಪಿಸ್ಟನ್‌ಗಳನ್ನೂ ಕೈಯಾರೆ ಎರಕ ಹೊಯ್ದು, ಹೃದಯದ ಕಾಯಿಲೆ ಇಟ್ಟುಕೊಂಡೇ 1967ರಲ್ಲಿ 68ನೇ ವಯಸ್ಸಿನಲ್ಲಿ ಅಮೆರಿಕದ ಬೋನ್‌ವಿಲ್ ಉಪ್ಪಿನ ಬಯಲಲ್ಲಿ ಗಂಟೆಗೆ 296 ಕಿಲೋಮೀಟರ್ ಓಡಿಸಿದ. ಹೊಸತರಲ್ಲಿ ಆ ಬೈಕು 90 ದಾಟುತ್ತಿರಲಿಲ್ಲ. 2005ರ ಸಿನಿಮಾದಲ್ಲಿ ಆಂಥೋನಿ ಹಾಪ್‌ಕಿನ್ಸ್ ಅವನ ಪಾತ್ರ ಮಾಡಿದ್ದಾನೆ, ನೋಡಿಲ್ಲದಿದ್ದರೆ ನೋಡಿ. ನನಗೂ ಮನ್ರೋ ಅಂದರೆ ಪ್ರಾಣ. ಆದರೆ ಅವನು ಆ ಮೀನಿನಾಕಾರದ ಕವಚದೊಳಗೆ ಮುದುಡಿಕೊಂಡು ಮೆಷಿನ್ನಿಗೆ ತನ್ನ ಮೈಯನ್ನ ಹೊಂದಿಸಿದ. ನನ್ನದು ಉಲ್ಟಾ ಕೇಸು. ನನಗೆ ದಾಖಲೆ ಬೇಡ, ಸಂತೇಬೆನ್ನೂರಿಗೆ ಹೋಗಿ ಪುಷ್ಕರಣಿ ಮೆಟ್ಟಿಲ ಮೇಲೆ ಕೂತು ವಾಪಸ್ ಬರಬೇಕು, ಬಂದಮೇಲೆ ಇಳಿಯೋಕೆ ಯಾರನ್ನೂ ಕರೀಬಾರದು.

ಮತ್ತೆ ನಿಜ ಹೇಳ್ತೀನಿ, ಬೈಕ್ ಕಟ್ಟಿ ನನಗೆ ಗುಣ ಆಗಿದ್ದಲ್ಲ. ಹದಿನೈದು ದಿನಕ್ಕೊಂದು 40 ಮಿಲಿಗ್ರಾಂ ಅಡಲಿಮುಮ್ಯಾಬ್ ಇಂಜೆಕ್ಷನ್ನಿಂದ ಆಗಿದ್ದು. 2014ರಲ್ಲಿ ನಮ್ಮ ದೇಶದಲ್ಲೇ ಅದರ ಪರ್ಯಾಯ ತಯಾರಾಗದೇ ಹೋಗಿದ್ದರೆ ನಮ್ಮಂಥ ಮನೆಗೆ ಅದು ಎಟುಕುತ್ತಿರಲಿಲ್ಲ. ಅದು 2ರಿಂದ 8 ಡಿಗ್ರಿಯಲ್ಲೇ ಇರಬೇಕು. ಫ್ರಿಜ್ಜಿನಲ್ಲಿ ಮೊಸರಿನ ಪಕ್ಕ ಇರುತ್ತೆ. ಕರೆಂಟ್ ಹೋದರೆ ಊರಲ್ಲಿ ಎಲ್ಲರೂ ಪಂಪ್‌ಸೆಟ್ ಚಿಂತೆ ಮಾಡಿದರೆ ನಮ್ಮನೆಯಲ್ಲಿ ಐಸ್ ಡಬ್ಬಿ ಹುಡುಕಾಟ. ಆ ಔಷಧಿ ಮೈಯ ಕಾವಲನ್ನೇ ಸ್ವಲ್ಪ ತಗ್ಗಿಸುತ್ತೆ, ಶುರು ಮಾಡೋ ಮೊದಲು ಟಿಬಿ ಪರೀಕ್ಷೆ ಕಡ್ಡಾಯ. ತುಕ್ಕು ತಗಡು ತರಚಿದರೂ ಈಗ ತಾತ್ಸಾರ ಮಾಡೋ ಹಾಗಿಲ್ಲ, ಹಾಗಾಗಿ ಗ್ಲೌಸು, ಕನ್ನಡಕ ಇಲ್ಲದೆ ಸ್ಪ್ಯಾನರ್ ಮುಟ್ಟಲ್ಲ. ನಡುವೆ ಐದು ವಾರ ಒಂದು ನಟ್ಟನ್ನೂ ತಿರುಗಿಸಿಲ್ಲ. ಆ ಐದು ವಾರದಲ್ಲಿ ನನ್ನ ವಿಲ್ ಪವರ್ ಎಲ್ಲಿಗೆ ಹೋಗಿತ್ತು? ನನ್ನ ಹಾಗೇ ಇರೋ ಇನ್ನೊಬ್ಬ ಹಾಸಿಗೆಯಿಂದ ಏಳೋಕೆ ಆಗದೆ ಇದ್ದರೆ ಅವನಿಗೆ ಮನಸ್ಸು ಗಟ್ಟಿಯಿಲ್ಲ ಅಂತಲಾ? ಹೊಗಳಿಕೆಯ ಒಳಗೇ ಈ ಬೈಗುಳ ಇರುತ್ತೆ, ಹೇಳೋರಿಗೆ ಗೊತ್ತಾಗಲ್ಲ ಅಷ್ಟೇ.

ಹಾಂ, ಕಿಕ್ಕರ್. ಹಳೇ ಪ್ಲಾಟಿನಂ ಪಾಯಿಂಟ್ ತೆಗೆದು 12 ವೋಲ್ಟ್ ಸಿಡಿಐ ಹಾಕಿದ ಮೇಲೆ ಒಳ್ಳೇ ದಿನಗಳಲ್ಲಿ ಎರಡನೇ ಕಿಕ್ಕಿಗೆ ಸ್ಟಾರ್ಟ್. ಆದರೆ ಕೆಟ್ಟ ಬೆಳಿಗ್ಗೆ ಆ ಒಂದು ಕಿಕ್ ಹೊಡೆಯೋಕೂ ಸೊಂಟ ಒಪ್ಪಲ್ಲ. ಆಗ ಬರೋನು ನಮ್ಮಪ್ಪ. ಏನೂ ಮಾತಾಡಲ್ಲ, ಟವೆಲ್ ಹೆಗಲಿಗೆ ಹಾಕ್ಕೊಂಡು ಒಂದೇ ಏಟಿಗೆ ಸ್ಟಾರ್ಟ್ ಮಾಡಿ, ಅಜ್ಜ ಮಾಡ್ತಿದ್ದ ಹಾಗೇ ಎರಡು ಸಲ ರೇಸ್ ಮಾಡಿ, ಒಳಗೆ ಹೋಗ್ತಾನೆ. ಹೋದ ವಾರ ನಾನು ಕಾಲ್‌ನಲ್ಲಿದ್ದಾಗ ನನ್ನ ಕೇಳದೇ ನಲ್ಲೂರಿನ ತನಕ ಹೋಗಿ ಬಂದಿದ್ದಾನೆ. "ಹ್ಯಾಂಡ್ಲು ಚಲೋ ಐತಲೇ" ಅಂದ.

ಕಿಕ್ಕರ್ ಲಿವರನ್ನ ಸ್ವಲ್ಪ ಉದ್ದ ಮಾಡಿದರೆ ಕಮ್ಮಿ ಒತ್ತಡಕ್ಕೆ ತಿರುಗುತ್ತೆ ಅಂತ ಲೇತ್ ಅಣ್ಣನ ಲೆಕ್ಕ. ಆದರೆ ಅದೇ ಗೇರ್ ಲಿವರೂ ಆಗಿರೋದ್ರಿಂದ ಕಾಲಿಗೆ ದೂರ ಆಗುತ್ತೆ ಅಂತ ನನ್ನ ಅನುಮಾನ. ನಿಮ್ಮಲ್ಲಿ ಯಾರಾದರೂ ಜಾವಾ ಯೆಜ್ಡಿಗೆ ಇದನ್ನ ಮಾಡಿ ನೋಡಿದ್ದರೆ ಕಾಮೆಂಟ್ ಹಾಕಿ ಪ್ಲೀಸ್. ಭಾನುವಾರ ಲೇತ್ ಅಂಗಡಿ ಅರ್ಧ ದಿನ ಮಾತ್ರ ತೆಗೆದಿರುತ್ತೆ.