ಜಿಲ್ಲೆಗೆ ಹೂವು ಸಿಕ್ಕಿತು, ಹೂವಿಗೆ ಪಾರೆ ಉಳಿದೀತೇ?

2023ರಲ್ಲಿ ಕಾಸರಗೋಡು ಜಿಲ್ಲಾ ಪಂಚಾಯತ್ ಜಿಲ್ಲೆಗೆಂದೇ ಒಂದು ಮರ, ಒಂದು ಹೂವು, ಒಂದು ಹಕ್ಕಿ, ಒಂದು ಪ್ರಾಣಿಯನ್ನು ಘೋಷಿಸಿತು. ದೇಶದಲ್ಲಿ ಬೇರೆ ಯಾವ ಜಿಲ್ಲೆಯೂ ಅಲ್ಲಿಯವರೆಗೆ ಹೀಗೆ ಮಾಡಿರಲಿಲ್ಲ. ಮರ ಕಾಸರಕ, ಊರಿಗೆ ಹೆಸರು ಬಂದದ್ದೇ ಇದರಿಂದ ಎನ್ನುವವರಿದ್ದಾರೆ. ಹಕ್ಕಿ ಬಿಳಿಹೊಟ್ಟೆಯ ಕಡಲ ಹದ್ದು. ಪ್ರಾಣಿ ಚಂದ್ರಗಿರಿ ಹೊಳೆಯ ದೈತ್ಯ ಮೃದುಚಿಪ್ಪಿನ ಆಮೆ. ಹೂವು ಪೆರಿಯ ಪೊಲತ್ತಾಳಿ.

ಈ ಹೂವನ್ನು ವಿಜ್ಞಾನಿಗಳು ಹೊಸ ಪ್ರಭೇದವೆಂದು ದಾಖಲಿಸಿದ್ದು 1990ರಲ್ಲಿ. ಪೆರಿಯದ ಕಡೆ ಕೆಂಪುಕಲ್ಲಿನ ಪಾರೆಯ ಮೇಲೆ ಮಳೆಗಾಲದಲ್ಲಷ್ಟೇ ಹರಿಯುವ ತೋಡಿನಲ್ಲಿ ಇದು ಅರಳುತ್ತದೆ. ತೋಡು ಹೋದರೆ ಹೂವೂ ಹೋಯಿತು. ಪಾರೆ ಉಳಿಸದೆ ಹೂವಿಗೆ ಬಿರುದು ಕೊಟ್ಟು ಏನು ಪ್ರಯೋಜನ?

ಸಮಸ್ಯೆ ಶುರುವಾಗುವುದೇ ಇಲ್ಲಿ. ಬೇಸಿಗೆಯಲ್ಲಿ ನೋಡಿದರೆ ಪಾರೆ ಬರೀ ಒಣಹುಲ್ಲು, ಕಲ್ಲು. ಹಾಗಾಗಿ ಎಲ್ಲರ ಬಾಯಲ್ಲೂ ಅದು 'ಪಾಳು ಜಾಗ'. ಕಲ್ಲಿನ ಕೋರೆಗೆ, ರಸ್ತೆಯ ಮಣ್ಣಿಗೆ, ಹೊಸ ಯೋಜನೆಗೆ ಮೊದಲು ಕಣ್ಣು ಬೀಳುವುದೂ ಅದರ ಮೇಲೆಯೇ. ಮಳೆ ಬಿದ್ದ ಮೇಲೆ ಅದೇ ಪಾರೆಯಲ್ಲಿ ಕೀಟ ಹಿಡಿದು ತಿನ್ನುವ ಪುಟ್ಟ ಗಿಡಗಳು ನೀಲಿ ಹಾಸಿದಂತೆ ಹೂ ಬಿಡುತ್ತವೆ, ಹೊಂಡಗಳಲ್ಲಿ ಕಪ್ಪೆ ಮರಿ ಮಾಡುತ್ತದೆ.

ಹೂವು, ಕಪ್ಪೆ ಬೇಡ ಅನ್ನುವವರಿಗೂ ನೀರು ಬೇಕಲ್ಲ? ಜಿಲ್ಲೆಯಲ್ಲಿ 12 ಹೊಳೆಗಳಿವೆ, ವರ್ಷಕ್ಕೆ 3,000 ಮಿ.ಮೀ.ಗಿಂತ ಹೆಚ್ಚು ಮಳೆ ಬೀಳುತ್ತದೆ. ಆದರೂ ಮಾರ್ಚ್ ಬಂತೆಂದರೆ ಹಲವೆಡೆ ಟ್ಯಾಂಕರ್ ಕಾಯಬೇಕು. ತೂತುತೂತಾದ ಕೆಂಪುಕಲ್ಲು ಮಳೆನೀರನ್ನು ಒಳಗೆಳೆದು ನಿಧಾನಕ್ಕೆ ಕೆಳಗೆ ಬಿಡುತ್ತದೆ. ಹಿರಿಯರು ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ಸುರಂಗ ಕೊರೆದು ನೀರು ತಂದದ್ದು ಇದೇ ಲೆಕ್ಕದಲ್ಲಿ. ಗುಡ್ಡವನ್ನೇ ತೆಗೆದರೆ ನೀರು ನಿಲ್ಲುವುದೆಲ್ಲಿ?

ಹಾಗಂತ ಮನೆ ಕಟ್ಟುವುದು ಬೇಡವೇ? ಗಲ್ಫ್‌ನಲ್ಲಿ ಬೆವರು ಸುರಿಸಿದವರಿಗೆ ಊರಲ್ಲೊಂದು ಮನೆ ಬೇಕು, ಅದಕ್ಕೆ ಕೆಂಪುಕಲ್ಲೇ ಬೇಕು. ಕೋರೆಯ ಕೂಲಿಯಿಂದ ಒಲೆ ಉರಿಯುವ ಮನೆಗಳೂ ಇವೆ. ಆದ್ದರಿಂದ ಕೇಳಬೇಕಾದ ಪ್ರಶ್ನೆ ಬೇರೆ: ಯಾವ ಪಾರೆಯಲ್ಲಿ ಕಡಿಯಬಹುದು, ಯಾವುದನ್ನು ಮುಟ್ಟಬಾರದು, ಕಡಿದ ಹೊಂಡ ಮುಚ್ಚುವ ಹೊಣೆ ಯಾರದ್ದು?

ಕೇಳಲು ಜಾಗವೂ ಇದೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಪಂಚಾಯತ್‌ನಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಊರಿನ ಗಿಡ, ಪ್ರಾಣಿ, ನೀರಿನ ನೆಲೆಗಳ ದಾಖಲೆಯನ್ನು ಜನರ ಜೊತೆ ಸೇರಿ ಮಾಡುವುದು ಅದರ ಕೆಲಸ. ತಮ್ಮ ಪಾರೆ, ತೋಡು, ಸುರಂಗಗಳು ಅದರಲ್ಲಿವೆಯೇ ಎಂದು ಯುವಕರು ಪಂಚಾಯತ್ ಕಚೇರಿಗೆ ಹೋಗಿ ನೋಡಬೇಕು. ಕನ್ನಡ, ಮಲಯಾಳಂ ಎರಡೂ ಓದಬಲ್ಲ ಗಡಿನಾಡಿನ ಮಕ್ಕಳಿಗೆ ಇದು ಕಷ್ಟವಲ್ಲ. ಬ್ಯಾರಿ, ತುಳುವಿನಲ್ಲಿ ಅಜ್ಜಿಯಂದಿರು ಹೇಳುವ ಗಿಡದ ಹೆಸರುಗಳನ್ನೂ ಅಲ್ಲಿ ಸೇರಿಸಬಹುದು. ದಾಖಲೆಯಲ್ಲಿ ಇಲ್ಲದ ತೋಡಿನ ಪರವಾಗಿ ನಾಳೆ ಗ್ರಾಮಸಭೆಯಲ್ಲಿ ವಾದಿಸುವುದು ಕಷ್ಟ. ಜೆಸಿಬಿ ಬಂದ ಮೇಲೆ ಓಡಿ ಹೋಗುವುದಕ್ಕಿಂತ ಈಗಲೇ ಹೋಗುವುದು ಒಳ್ಳೆಯದು.