ಪಟದಲ್ಲಿಲ್ಲದವರು

ಸಂಸಾರವೊಂದು ಪ್ರವಾಸಕ್ಕೆ ಹೊರಟಾಗ ದೊಡ್ಡ ವೆಚ್ಚಗಳ ಬಗ್ಗೆ ವಾದವೇಳುವುದು ಅಪರೂಪ. ವಿಮಾನದ ಟಿಕೇಟಿಗೆ ಲಕ್ಷಗಟ್ಟಲೆ ತೆತ್ತವರು ತುಟಿ ಪಿಟಕ್ಕೆನ್ನುವುದಿಲ್ಲ. ನಿಲ್ದಾಣದಲ್ಲಿ ಒಂದು ಲೋಟ ಕಾಫಿಗೆ ಮುನ್ನೂರು ರೂಪಾಯಿ ಎಂದೊಡನೆ ಕೆರಳಿ ನಿಲ್ಲುತ್ತಾರೆ. ಇದನ್ನು ಜಿಪುಣತನವೆಂದು ಹಳಿಯುವುದು ಸರಿಯಲ್ಲ. ದೊಡ್ಡ ವೆಚ್ಚ ವಿಧಿಯಂತೆ ಬಂದೆರಗುತ್ತದೆ. ಬೇಕು ಬೇಡವೆನ್ನುವ ಸ್ವಾತಂತ್ರ್ಯ ಮನುಷ್ಯನಿಗೆ ಉಳಿದಿರುವುದು ಸಣ್ಣ ವೆಚ್ಚದಲ್ಲಿ ಮಾತ್ರ. ಆ ಸ್ವಾತಂತ್ರ್ಯವನ್ನು ಮಧ್ಯಮವರ್ಗದ ಗೃಹಸ್ಥನು ಸುಲಭವಾಗಿ ಬಿಟ್ಟುಕೊಡುವವನಲ್ಲ.

2024ರ ಬೇಸಗೆಯಲ್ಲಿ ಅಮೆರಿಕದ ಅಟ್ಲಾಂಟಾ ನಗರದ ಒಂದು ಕನ್ನಡ ಮನೆಯಲ್ಲಿ ಎರಡು ರಾತ್ರಿ ನಡೆದ ಚರ್ಚೆಗೆ ಮೂಲ ಇಂಥದೇ ಒಂದು ಸಣ್ಣ ವೆಚ್ಚ. ಮಗನ ಮನೆಗೆಂದು ಮೈಸೂರಿನಿಂದ ಬಂದಿದ್ದ ನಿವೃತ್ತ ಮೇಷ್ಟರು, ಅವರ ಪತ್ನಿ, ಮಗ, ಸೊಸೆ, ಏಳು ವರ್ಷದ ಮೊಮ್ಮಗಳು, ಹೀಗೆ ಐದು ಮಂದಿ ಫ್ಲಾರಿಡ ರಾಜ್ಯದ ವಾಲ್ಟ್ ಡಿಸ್ನಿ ವರ್ಲ್ಡ್‌ಗೆ ನಾಲ್ಕು ದಿನಗಳ ಮಟ್ಟಿಗೆ ಹೋಗುವುದೆಂದು ನಿಶ್ಚಯವಾಗಿತ್ತು. ಪ್ರವೇಶದ ಟಿಕೇಟು ತಲೆಗೆ ದಿನಕ್ಕೆ 100 ಡಾಲರಿಗೂ ಮೇಲೆಂಬುದನ್ನು ಮಗ ತಂದೆಗೆ ಹೇಳಿರಲಿಲ್ಲ. ಕೇಳಿ ಸಂಕಟಪಡುವುದಕ್ಕಿಂತ ಕೇಳದಿರುವುದೇ ಮೇಲೆಂದು ತಂದೆಯೂ ಸುಮ್ಮನಿದ್ದರು. ಹೊರಡಲು ಐದು ದಿನಗಳಿರುವಾಗ ಊಟದ ಹೊತ್ತಿನಲ್ಲಿ ಸೊಸೆ ಮೆಲ್ಲಗೆ ಮಾತು ತೆಗೆದಳು.

“ಅಲ್ಲಿ ಫೋಟೋ ಪ್ಯಾಕೇಜು ಎಂದು ಒಂದಿದೆ. ತೆಗೆದುಕೊಳ್ಳೋಣವೇ?”

“ಎಷ್ಟಂತೆ?” ಎಂದರು ಮೇಷ್ಟರು.

“185 ಡಾಲರ್, ಮಾವ.”

ಮೂವತ್ತು ವರ್ಷ ಗಣಿತ ಹೇಳಿದವರಿಗೆ ಗುಣಾಕಾರಕ್ಕೆ ಕಾಗದ ಬೇಕಾಗಲಿಲ್ಲ. “ಹದಿನೈದು ಸಾವಿರ ದಾಟಿತು! ಈ ಮನೆಯಲ್ಲಿ ಫೋನುಗಳೇ ನಾಲ್ಕಿವೆ. ನಾಲ್ಕರಲ್ಲೂ ಕ್ಯಾಮರಾ ಇದೆ. ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆಯುವುದೆಂದರೆ ಇದೇ.”

ಅಂದಿಗೆ ಮಾತು ನಿಂತಿತು.

ಮೇಷ್ಟರ ಕೋಪವನ್ನು ತೂಗಿನೋಡುವ ಮೊದಲು ಆ ಪ್ಯಾಕೇಜು ಏನೆಂಬುದನ್ನು ವಾಚಕರು ತಿಳಿಯಬೇಕು. ಒರ್ಲ್ಯಾಂಡೊ ನಗರದ ಬಳಿ ಸುಮಾರು 25,000 ಎಕರೆ ನೆಲದಲ್ಲಿ ಹರಡಿರುವ ಡಿಸ್ನಿ ವರ್ಲ್ಡ್ 1971ರ ಅಕ್ಟೋಬರ್ 1ರಂದು ತೆರೆಯಿತು. ಒಂದೆಂದು ಹೆಸರಾದರೂ ಒಳಗೆ ನಾಲ್ಕು ಉದ್ಯಾನಗಳಿವೆ: ಮ್ಯಾಜಿಕ್ ಕಿಂಗ್‌ಡಮ್, ಎಪ್ಕಾಟ್, ಹಾಲಿವುಡ್ ಸ್ಟೂಡಿಯೋಸ್, ಅನಿಮಲ್ ಕಿಂಗ್‌ಡಮ್. ನಾಲ್ಕರಲ್ಲೂ ಅಲ್ಲಲ್ಲಿ ಕಂಪೆನಿಯ ಛಾಯಾಗ್ರಾಹಕರು ನಿಂತಿರುತ್ತಾರೆ. 189 ಅಡಿ ಎತ್ತರದ ಸಿಂಡರೆಲ್ಲಾ ಕೋಟೆಯ ಮುಂದೆ, ಮಿಕ್ಕಿಯ ವೇಷದವನು ಮಕ್ಕಳನ್ನು ಅಪ್ಪಿಕೊಳ್ಳುವ ಕೋಣೆಯಲ್ಲಿ, ಹೀಗೆ ಜನ ಎಲ್ಲಿ ನಿಲ್ಲಬಯಸುವರೋ ಅಲ್ಲೆಲ್ಲ. ಇವರಲ್ಲದೆ ಕೆಲವು ಸವಾರಿಗಳಲ್ಲಿ ಮರೆಯಲ್ಲಿಟ್ಟ ಯಂತ್ರಗಳು, ಗಾಡಿ ಧುಮುಕುವ ಗಳಿಗೆಯಲ್ಲೇ, ಕೂತವರ ಮುಖಗಳನ್ನು ಹಿಡಿದುಕೊಳ್ಳುತ್ತವೆ. ಈ ಎಲ್ಲ ಚಿತ್ರಗಳೂ ಆ ಸಂಸಾರದ ಲೆಕ್ಕಕ್ಕೆ ಜಮೆಯಾಗುತ್ತವೆ. ನೋಡುವುದಕ್ಕೆ ಕಾಸಿಲ್ಲ, ಮನೆಗೆ ಒಯ್ಯುವುದಕ್ಕೆ ಕಾಸು. ಒಂದೊಂದೇ ಕೊಂಡರೆ ಹತ್ತು ಹನ್ನೊಂದು ಚಿತ್ರಗಳಿಗೇ ಇಡೀ ಪ್ಯಾಕೇಜಿನ ಬೆಲೆ ಮುಟ್ಟಿಬಿಡುತ್ತದೆ. ಪ್ಯಾಕೇಜು ಕೊಂಡರೆ ಎಷ್ಟಾದರೂ ತೆಗೆಸಿಕೊಳ್ಳಬಹುದು. ಜೊತೆಗಿರುವ ಎಲ್ಲರಿಗೂ ಸೇರಿ ಒಂದೇ ಸಾಕು. ಅದರ ಹೆಸರು ಮೆಮೊರಿ ಮೇಕರ್, ನೆನಪನ್ನು ತಯಾರಿಸುವುದು! ಹಪ್ಪಳ ಸಂಡಿಗೆಗಳಂತೆ ನೆನಪನ್ನೂ ಬೇರೆಯವರಿಂದ ಮಾಡಿಸಿಕೊಳ್ಳುವ ಕಾಲ ಬಂದಿತೆಂದು ಮೇಷ್ಟರು ನಕ್ಕಿದ್ದರಲ್ಲಿ ತಪ್ಪೇನಿಲ್ಲ.

2024ರಲ್ಲಿ ಇದರ ಬೆಲೆ ಹೀಗಿತ್ತು: ಮೂರು ದಿನ ಮುಂಚಿತವಾಗಿ ಕೊಂಡರೆ 185 ಡಾಲರ್, ಅಲ್ಲಿ ಹೋದಮೇಲೆ ಮನಸ್ಸು ಬದಲಾಯಿಸಿದವರಿಗೆ 210, ಒಂದೇ ದಿನದ ಚಿತ್ರಗಳು ಸಾಕೆನ್ನುವವರಿಗೆ 75. ಸೊಸೆ ಐದು ದಿನ ಮೊದಲೇ ಬಾಯಿಬಿಟ್ಟದ್ದರ ಗುಟ್ಟು ಇದೇ. ಇನ್ನೊಂದು ಕಟ್ಟಳೆಯನ್ನು ಜನ ಮರೆಯುವುದೇ ಹೆಚ್ಚು. ತೆಗೆದ ಚಿತ್ರ ಅಲ್ಲಿ ಸಾಮಾನ್ಯವಾಗಿ 45 ದಿನ ಮಾತ್ರ ಉಳಿಯುತ್ತದೆ. ಅಷ್ಟರೊಳಗೆ ಇಳಿಸಿಕೊಳ್ಳದಿದ್ದರೆ ನೆನಪೂ ಇಲ್ಲ, ಹಣವೂ ಇಲ್ಲ.

ಉದ್ಯಾನಕ್ಕೂ ಕ್ಯಾಮರಾಕ್ಕೂ ಇರುವ ನಂಟು ನಿನ್ನೆ ಮೊನ್ನೆಯದಲ್ಲ. 1888ರಲ್ಲಿ ಜಾರ್ಜ್ ಈಸ್ಟ್‌ಮನ್ ಮಾರಿದ ಮೊದಲ ಕೊಡಾಕ್ ಪೆಟ್ಟಿಗೆಯ ಬೆಲೆ 25 ಡಾಲರ್. ಅದರಲ್ಲಿ 100 ಚಿತ್ರಗಳಿಗೆ ಸಾಕಾಗುವಷ್ಟು ಸುರುಳಿ ಇರುತ್ತಿತ್ತು. ಮುಗಿದಮೇಲೆ ಪೆಟ್ಟಿಗೆಯನ್ನೇ ರಾಚೆಸ್ಟರ್ ಊರಿನ ಕಾರ್ಖಾನೆಗೆ ಕಳಿಸಬೇಕು; 10 ಡಾಲರ್ ಕೊಟ್ಟರೆ ಚಿತ್ರಗಳನ್ನು ತೊಳೆದು, ಹೊಸ ಸುರುಳಿ ತುಂಬಿಸಿ ಹಿಂದಿರುಗಿಸುತ್ತಿದ್ದರು. ಅದೂ ಒಂದು ಬಗೆಯ ಫೋಟೋ ಪ್ಯಾಕೇಜೇ. 1955ರ ಜುಲೈಯಲ್ಲಿ ಕ್ಯಾಲಿಫೋರ್ನಿಯದ ಡಿಸ್ನಿಲ್ಯಾಂಡ್ ತೆರೆದಾಗ ಅದೇ ಕೊಡಾಕ್ ಕಂಪೆನಿ ಪ್ರಾಯೋಜಕರಲ್ಲಿ ಒಂದಾಗಿ ಒಳಹೊಕ್ಕಿತು. ಮುಂದೆ ಉದ್ಯಾನದ ಆಯಕಟ್ಟಿನ ಜಾಗಗಳಲ್ಲಿ, ಇಲ್ಲಿ ನಿಂತು ಚಿತ್ರ ತೆಗೆಯಿರಿ ಎಂದು ಸೂಚಿಸುವ ಕೊಡಾಕ್ ಫಲಕಗಳು ನಿಂತವು. ಸುರುಳಿ ಮಾರುವವನಿಗೆ ಇದಕ್ಕಿಂತ ಒಳ್ಳೆಯ ಸಂತೆ ಯಾವುದು? ಫೋನುಗಳ ಕಾಲ ಬಂದು ಸುರುಳಿ ಯಾರಿಗೂ ಬೇಡವಾಯಿತು. ಕೊಡಾಕ್ 2012ರಲ್ಲಿ ದಿವಾಳಿ ಅರ್ಜಿ ಹಾಕಿತು. ಅದೇ ವರ್ಷ ಡಿಸ್ನಿಯೊಡನೆ ಅದರ ಸಂಬಂಧವೂ ಕಳಚಿತು. ಸುರುಳಿಯ ವ್ಯಾಪಾರ ಹೋದರೂ ಚಿತ್ರದ ವ್ಯಾಪಾರ ಹೋಗಲಿಲ್ಲ.

ಮಾರನೆಯ ರಾತ್ರಿ ಮೇಷ್ಟರು ಸಿದ್ಧರಾಗಿ ಬಂದಿದ್ದರು. ಹಗಲೆಲ್ಲ ಕುಳಿತು ವಿಷಯ ಸಂಗ್ರಹಿಸಿದ್ದರು. “ನೋಡಮ್ಮಾ, ಅಲ್ಲಿಯ ಛಾಯಾಗ್ರಾಹಕನ ಕೈಗೆ ನಮ್ಮದೇ ಫೋನು ಕೊಟ್ಟರೆ ಅದರಲ್ಲೂ ಒಂದು ತೆಗೆದುಕೊಡುತ್ತಾನಂತೆ. ಪುಕ್ಕಟೆ! ಹಾಗಿರುವಾಗ ಈ ದಂಡವೇಕೆ?”

ಇದು ಸುಳ್ಳಲ್ಲ. ಆ ಸೌಜನ್ಯ ಅಲ್ಲಿ ಉಂಟು. ಎರಡು ಮೂರು ಚಿತ್ರಗಳಲ್ಲಿ ತೃಪ್ತಿಪಡುವ ಸಂಸಾರಕ್ಕೆ ಇಷ್ಟು ಧಾರಾಳವಾಗಿ ಸಾಕು. ಗಂಡ ಹೆಂಡಿರಿಬ್ಬರೇ ಒಂದು ದಿನಕ್ಕೆ ಹೋಗಿಬರುವವರು ಪ್ಯಾಕೇಜಿಗೆ ಹಣ ತೆರುವುದು ನಿಜವಾಗಿ ದುಂದು. ಕೋಲಿಗೆ ಫೋನು ಸಿಕ್ಕಿಸಿ ತಮ್ಮನ್ನು ತಾವೇ ಹಿಡಿದುಕೊಳ್ಳುವೆವೆಂದರೆ ಮಾತ್ರ ಆಗದು. ಆ ಕೋಲುಗಳನ್ನು ಡಿಸ್ನಿ ಉದ್ಯಾನಗಳಲ್ಲಿ 2015ರಿಂದಲೇ ನಿಷೇಧಿಸಲಾಗಿದೆ.

ಮಗ ತಂದೆಯ ಪಕ್ಷ ಹಿಡಿಯುವುದರಲ್ಲಿದ್ದ. ಆಗ ಅಷ್ಟು ಹೊತ್ತೂ ಬಾಯಿಬಿಡದೆ ಹುರುಳಿಕಾಯಿ ಬಿಡಿಸುತ್ತಿದ್ದ ಅತ್ತೆ, ಸೊಸೆಯ ಫೋನನ್ನು ಕೇಳಿ ತೆಗೆದುಕೊಂಡರು. ಹಿಂದಿನ ಎರಡು ವರ್ಷಗಳ ಚಿತ್ರಗಳು ಅದರಲ್ಲಿದ್ದವು: ಮಗಳ ಹುಟ್ಟುಹಬ್ಬ, ಗೌರಿ ಪೂಜೆ, ಸಮುದ್ರತೀರ, ಹಿಮ ಬಿದ್ದ ದಿನ. ಅವರು ಒಂದೊಂದೇ ಸರಿಸುತ್ತಾ ಹೋದರು.

“ಇದರಲ್ಲಿ ಇವಳೆಲ್ಲಿದ್ದಾಳೋ?” ಎಂದು ಮಗನನ್ನು ಕೇಳಿದರು.

ಮಗ ಬಗ್ಗಿ ನೋಡಿದ. ಮಗಳಿದ್ದಳು, ಅವನಿದ್ದ, ಕೇಕು ಇತ್ತು, ಗೌರಿಯಿದ್ದಳು. ಗೌರಿಗೆ ಸೀರೆ ಉಡಿಸಿದವಳು ಇರಲಿಲ್ಲ. ಹುಡುಕಿ ಹುಡುಕಿ ಸಿಕ್ಕಿದ್ದು ಒಂದೇ ಒಂದು: ಮಗು ಫೋನು ಕಸಿದುಕೊಂಡು ತೆಗೆದದ್ದು. ಅದರಲ್ಲಿ ತಾಯಿಯ ಗದ್ದವೂ ಮನೆಯ ಸೂರೂ ಮಾತ್ರ ಕಾಣುತ್ತಿದ್ದವು.

“ತೆಗೆಯುವವಳು ನಾನಲ್ಲವೇ ಅತ್ತೆ?” ಎಂದು ಸೊಸೆ ನಗಲು ನೋಡಿದಳು.

ಅತ್ತೆ ಅಷ್ಟಕ್ಕೇ ಬಿಡಲಿಲ್ಲ. ಮೈಸೂರಿನ ಮನೆಯ ಹಳೆಯ ಆಲ್ಬಮ್ಮಿನಿಂದ ಮಗ ಒಮ್ಮೆ ನಕಲು ಮಾಡಿಕೊಂಡಿದ್ದ ಚಿತ್ರಗಳನ್ನು ತೋರಿಸಹೇಳಿದರು. 1988ರಲ್ಲಿ ಮೇಷ್ಟರು ರಜೆಯಲ್ಲಿ ಸಂಸಾರಸಮೇತ ಹಂಪೆಗೆ ಹೋಗಿದ್ದರು. ಸಾಲ ಮಾಡಿ ಕೊಂಡ ಕ್ಯಾಮರಾ. ಅದನ್ನು ಅನ್ಯರ ಕೈಗೆ ಕೊಡುವುದುಂಟೇ? ಕಲ್ಲಿನ ರಥದ ಮುಂದೆ ಐದು ವರ್ಷದ ಮಗ. ಅವನ ಕೈ ಹಿಡಿದು, ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಿಂತ ತಾಯಿ. ಸೂರ್ಯ ಯಾವಾಗಲೂ ಬೆನ್ನ ಹಿಂದಿರಬೇಕೆಂಬುದು ಆ ಕಾಲದ ಛಾಯಾಗ್ರಹಣದ ಮೊದಲ ಪಾಠ. ಮೇಷ್ಟರು ಅದನ್ನು ಚಾಚೂ ತಪ್ಪದೆ ಪಾಲಿಸಿದ್ದರಿಂದ ಚಿತ್ರದ ಕೆಳ ಅಂಚಿನಲ್ಲಿ, ನೆಲದ ಮೇಲೆ, ಮೊಣಕೈಗಳನ್ನು ಎತ್ತಿ ಹಿಡಿದ ಒಂದು ನೆರಳು ಬಿದ್ದಿತ್ತು. ಬೇಲೂರಿನ ಚಿತ್ರದಲ್ಲೂ ನೆರಳೇ. ಜೋಗದಲ್ಲಿ ಮೋಡವಿದ್ದುದರಿಂದ ನೆರಳೂ ಇಲ್ಲ.

“ನನ್ನ ಮಗನಿಗೆ ಅವನ ಅಪ್ಪನೊಡನೆ ಚಿಕ್ಕಂದಿನದೊಂದು ಪಟವಿಲ್ಲ,” ಎಂದರು ಅವರು. ದೂರುವ ದನಿಯಲ್ಲ, ಇದ್ದ ಸಂಗತಿಯನ್ನು ಹೇಳುವ ದನಿ.

ಮೇಷ್ಟರು ಬಹಳ ಹೊತ್ತು ಆ ನೆರಳನ್ನೇ ನೋಡುತ್ತಿದ್ದರು. ಆದರೂ ವಾದ ಬಿಡುವ ಜಾಯಮಾನ ಅವರದಲ್ಲ. “ಆಯಿತು, ಎಲ್ಲರೂ ಇರಬೇಕು; ಒಪ್ಪಿದೆ. ಅದಕ್ಕೇ ಹೇಳಿದ್ದು, ಫೋನು ಕೊಟ್ಟರೆ ಅವನೇ ತೆಗೆಯುತ್ತಾನೆ ಎಂದು.”

“ಕೊಡುವವರು ಯಾರು ಮಾವ?” ಎಂದಳು ಸೊಸೆ. “ಮೊದಲನೆಯ ಸಲ ಕೇಳುತ್ತೇವೆ. ಎರಡನೆಯ ಸಲ ಹಿಂದೆ ಸಾಲು ಬೆಳೆದಿರುತ್ತದೆ, ಸಂಕೋಚವಾಗುತ್ತದೆ. ಮೂರನೆಯ ಸಲ ಇವರು, ‘ನೀನೇ ತೆಗೆದುಬಿಡು, ಬೇಗ ಆಗುತ್ತದೆ’ ಎನ್ನುತ್ತಾರೆ.”

ಮಗ ನೆಲ ನೋಡಿದ.

ಈ ಮಾತಿನಲ್ಲಿ ಸೊಸೆ ಪ್ಯಾಕೇಜಿನ ಮರ್ಮವನ್ನೇ ಹಿಡಿದಿದ್ದಳು. ಪುಕ್ಕಟೆಯದನ್ನು ಕೇಳುವುದಕ್ಕೆ ಮಧ್ಯಮವರ್ಗಕ್ಕೆ ನಾಚಿಕೆ. ಕಾಸು ಕೊಟ್ಟದ್ದನ್ನು ಬಳಸದೆ ಬಿಡುವುದಕ್ಕೆ ಅದಕ್ಕಿಂತ ಹೆಚ್ಚಿನ ನೋವು. 185 ಡಾಲರ್ ತೆತ್ತ ಸಂಸಾರ ಛಾಯಾಗ್ರಾಹಕನನ್ನು ಕಂಡಲ್ಲೆಲ್ಲ ನಿಂತೇ ನಿಲ್ಲುತ್ತದೆ. ನಿಂತಾಗಲೆಲ್ಲ ಐದು ಜನರೂ ನಿಲ್ಲುತ್ತಾರೆ. ಹಣದಿಂದ ದೊರೆಯುವುದು ಒಳ್ಳೆಯ ಲೆನ್ಸಿನ ಚಿತ್ರವಲ್ಲ, ಚಿತ್ರ ತೆಗೆಸಿಕೊಳ್ಳಲೇಬೇಕೆಂಬ ಒಂದು ಕಟ್ಟುಪಾಡು.

ಇದರಲ್ಲೇ ಅಪಾಯವೂ ಇದೆ. ಕೊಟ್ಟ ಕಾಸಿಗೆ ಮೋಸವಾಗಬಾರದೆಂದು ಚಿತ್ರದಿಂದ ಚಿತ್ರಕ್ಕೆ ಓಡುತ್ತಾ, ಫ್ಲಾರಿಡದ ಉರಿಬಿಸಿಲಿನಲ್ಲಿ ಮಗುವನ್ನೂ ಮುದುಕರನ್ನೂ ಸಾಲುಗಳಲ್ಲಿ ಬೇಯಿಸುವ ಸಂಸಾರಗಳುಂಟು. ನಾನೂರು ಚಿತ್ರಗಳೊಡನೆ ಹಿಂದಿರುಗಿ, ನೋಡಿದ್ದೇನೆಂದು ಕೇಳಿದರೆ ಫೋನು ತೆಗೆಯುತ್ತಾರೆ. ಫೇರ್‌ಫೀಲ್ಡ್ ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರಜ್ಞೆ ಲಿಂಡಾ ಹೆಂಕೆಲ್ 2014ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇಲ್ಲಿ ನೆನೆಯತಕ್ಕದ್ದು. ವಿದ್ಯಾರ್ಥಿಗಳನ್ನು ಕಲಾಸಂಗ್ರಹಾಲಯದಲ್ಲಿ ಸುತ್ತಿಸಿ, ಕೆಲವು ವಸ್ತುಗಳ ಚಿತ್ರ ತೆಗೆಯಲು, ಕೆಲವನ್ನು ಬರಿದೇ ನೋಡಲು ಆಕೆ ಹೇಳಿದರು. ಮಾರನೆಯ ದಿನ ಪರೀಕ್ಷಿಸಿದಾಗ, ಇಡಿಯಾಗಿ ಚಿತ್ರ ತೆಗೆದ ವಸ್ತುಗಳಿಗಿಂತ ಬರಿದೇ ನೋಡಿದವೇ ಹೆಚ್ಚು ನೆನಪಿನಲ್ಲಿದ್ದವು. ಯಂತ್ರ ನೋಡಿಕೊಂಡಿತೆಂದು ಕಣ್ಣು ಸುಮ್ಮನಾಯಿತೋ ಏನೋ! ಆ ಲೆಕ್ಕದಲ್ಲಿ, ತೆಗೆಯುವ ಕೆಲಸ ಇನ್ನೊಬ್ಬನದಾದರೆ ಮನೆಯಾಕೆಯ ಕಣ್ಣಿಗಾದರೂ ಒಂದಿಷ್ಟು ಬಿಡುವು ಸಿಕ್ಕೀತು.

ಮೇಷ್ಟರು ಎದ್ದು ಒಳಗೆ ಹೋದರು. ಮೈಸೂರಿನಲ್ಲಿ ಬದಲಾಯಿಸಿ ತಂದಿದ್ದ ಡಾಲರುಗಳ ಲಕೋಟೆಯಿಂದ ಎಣಿಸಿ 185ನ್ನು ಸೊಸೆಯ ಮುಂದಿಟ್ಟರು. ಮಗ ಬೇಡವೆಂದು ಬಾಯಿ ತೆರೆದಾಗ, “ನೀನು ಸುಮ್ಮನಿರು. ಇದು ನಾನು ಅವಳಿಗೆ ಕೊಡಬೇಕಾದ್ದು,” ಎಂದರು. ಒಂದು ಷರತ್ತು ಮಾತ್ರ ಹಾಕಿದರು: ಚಿತ್ರಕ್ಕಾಗಿ ದಿನಕ್ಕೆ ಮೂರು ಕಡೆಗಿಂತ ಹೆಚ್ಚು ಸಾಲು ನಿಲ್ಲಕೂಡದು.

ಷರತ್ತು ಎರಡನೆಯ ದಿನವೇ ಮುರಿಯಿತು, ಮುರಿದವಳು ಮೊಮ್ಮಗಳು. ಕೋಟೆಯ ಮುಂದಿನ ಚಿತ್ರದಲ್ಲಿ ಐವರೂ ಬಂದಿದ್ದಾರೆ. ಸೊಸೆಗೆ ಮಾತ್ರ ಕೈಗಳನ್ನು ಎಲ್ಲಿಡಬೇಕೆಂದು ತಿಳಿದಿಲ್ಲ. ಫೋನು ಹಿಡಿದು ರೂಢಿಯಾದ ಕೈ ಎದೆಯ ಮಟ್ಟದಲ್ಲಿ ಅರ್ಧಕ್ಕೆ ನಿಂತಿದೆ. ಅತ್ತೆ ಅದನ್ನು ಹಿಡಿದುಕೊಂಡಿದ್ದಾರೆ. ಎಪ್ಕಾಟ್‌ನ ನಾರ್ವೆ ವಿಭಾಗದಲ್ಲಿ ಹಿಮದ ರಾಣಿಯ ಕತೆ ತೋರಿಸುವ ದೋಣಿಯೊಂದಿದೆ. ನಿರಪಾಯವಾದ ದೋಣಿಯೆಂದು ನಂಬಿಸಿ ಮೇಷ್ಟರನ್ನು ಅದರಲ್ಲಿ ಕೂರಿಸಿದರು. ಅದು ಹಿಂದುಹಿಂದಕ್ಕೆ ಚಲಿಸಿ, ತಿರುಗಿ, ಇದ್ದಕ್ಕಿದ್ದಂತೆ ಇಳಿಜಾರಿನಲ್ಲಿ ಜಾರಿತು. ಮರೆಯ ಯಂತ್ರ ತನ್ನ ಕರ್ತವ್ಯವನ್ನು ಮಾಡಿತು.

ಅಟ್ಲಾಂಟಾಕ್ಕೆ ಮರಳಿದ ವಾರದಲ್ಲೇ ಸೊಸೆ ಎಲ್ಲವನ್ನೂ ಇಳಿಸಿ ಎರಡು ಕಡೆ ಕಾಪಿಟ್ಟಳು. ಒಟ್ಟು 212 ಚಿತ್ರಗಳು. ಮೇಷ್ಟರು ಮೈಸೂರಿಗೆ ಬಂದಮೇಲೆ ಸ್ಟೂಡಿಯೋದಲ್ಲಿ ಕೋಟೆಯ ಚಿತ್ರವನ್ನು ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ನಡುಮನೆಯ ಗೋಡೆಗೆ ತಾವೇ ಮೊಳೆ ಹೊಡೆದರು. ದೋಣಿಯ ಚಿತ್ರವನ್ನು ಯಾರಿಗೂ ತೋರಿಸಕೂಡದೆಂದು ಅಪ್ಪಣೆಯಾಗಿತ್ತು. ಅದರಲ್ಲಿ ಮೇಷ್ಟರ ಕನ್ನಡಕ ಮೂಗಿನ ತುದಿಗೆ ಬಂದಿದೆ, ಬಾಯಿ ತೆರೆದಿದೆ, ಎರಡೂ ಕೈಗಳು ಪಕ್ಕದ ಮಗನ ತೋಳನ್ನು ಬಿಗಿಯಾಗಿ ಹಿಡಿದಿವೆ. ಅವರ ಪತ್ನಿ ಅದನ್ನು ಗುಟ್ಟಾಗಿ ಅಚ್ಚು ಹಾಕಿಸಿ ತಂದು, ಅಡುಗೆಮನೆಯಲ್ಲಿ ಕ್ಯಾಲೆಂಡರಿನ ಪಕ್ಕಕ್ಕೆ ಅಂಟಿಸಿದ್ದಾರೆ. ಮೇಷ್ಟರು ಬೆಳಗಿನ ಕಾಫಿಗೆ ಬಂದಾಗಲೆಲ್ಲ ಅದಕ್ಕೆ ಬೆನ್ನು ಮಾಡಿ ಕುಳಿತುಕೊಳ್ಳುತ್ತಾರೆ.